ರಿಪೋರ್ಟು ನಾರ್ಮಲ್, ಮನಸ್ಸು ಮಾತ್ರ ಭಾರ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿ ಒಟ್ಟಿಗೆ ಇಟ್ಟಿದ್ದೇನೆ. ಬರೆದವರ ವಯಸ್ಸು, ಊರು, ಉದ್ಯೋಗ ಎಲ್ಲವೂ ಬೇರೆ ಬೇರೆ. ಆದರೆ ಮೂವರ ಮನೆಯಲ್ಲೂ ಇರುವುದು ಯಾವ ವೈದ್ಯರೂ ಇನ್ನೂ ಹೆಸರಿಡದ ತೊಂದರೆ; ಅದು ಖಿನ್ನತೆ ಇರಬಹುದೆಂಬುದು ನನ್ನ ಅನುಮಾನ. ಗುರುತು ಸಿಗದಂತೆ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಮೊದಲ ಪತ್ರವನ್ನು ಮಾತ್ರ ಹೆಚ್ಚು ಕತ್ತರಿಸಿಲ್ಲ, ಏಕೆಂದರೆ ಉತ್ತರದ ಅರ್ಧ ಭಾಗ ಆ ಪತ್ರದಲ್ಲಿಯೇ ಇದೆ.

ಪ್ರಶ್ನೆ: ನನಗೆ 43 ವರ್ಷ. ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಎರಡು ವರ್ಷದಿಂದ ಮೈಕೈ ನೋವು, ಹೊಟ್ಟೆ ಉಬ್ಬರ, ಎದೆಯ ಮೇಲೆ ಒರಳುಕಲ್ಲು ಇಟ್ಟಂಥ ಭಾರ. ಇಸಿಜಿ, ಹೊಟ್ಟೆಯ ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವೂ ಆಯಿತು. ನೋಡಿದ ವೈದ್ಯರೆಲ್ಲರೂ "ಎಲ್ಲಾ ನಾರ್ಮಲ್ ಇದೆ ಮೇಡಂ, ಟೆನ್ಷನ್ ಮಾಡ್ಕೋಬೇಡಿ" ಎಂದು ಹೇಳಿ ಗ್ಯಾಸಿನ ಮಾತ್ರೆ, ಟಾನಿಕ್ ಬರೆದುಕೊಟ್ಟರು. ದಿನವೂ ಮೂರೂವರೆಗೆ ಎಚ್ಚರವಾಗುತ್ತದೆ. ಆಮೇಲೆ ನಿದ್ರೆ ಬಾರದೆ ಹಾಲಿನವನ ಸೈಕಲ್ ಬೆಲ್ ಕೇಳುವವರೆಗೂ ಸೂರು ನೋಡುತ್ತ ಮಲಗಿರುತ್ತೇನೆ. ಆ ಹೊತ್ತಿನಲ್ಲಿ ಜೀವ ಹಿಂಡಿದಂತಾಗುತ್ತದೆ. ಸಂಜೆಯ ಹೊತ್ತಿಗೆ ಸ್ವಲ್ಪ ಹಗುರವಾಗುತ್ತದೆ. ಹಾಗೆಂದು ಯಾವ ಕೆಲಸವನ್ನೂ ಬಿಟ್ಟಿಲ್ಲ. ಅಡುಗೆ, ಶಾಲೆ, ಅತ್ತೆಯವರ ಔಷಧಿ, ಮಗಳ ಪಿಯುಸಿ ಓದು ಎಲ್ಲವನ್ನೂ ನಿಭಾಯಿಸುತ್ತಿದ್ದೇನೆ. ಆದರೆ ಮಕ್ಕಳ ಕಾಪಿ ಪುಸ್ತಕ ತಿದ್ದಲು ಕುಳಿತರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತೇನೆ. ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ. ನಿಮ್ಮ ಪತ್ರಿಕೆ ಬಂದ ದಿನವೇ ಓದಿ ಮುಗಿಸುತ್ತಿದ್ದವಳು ನಾನು. ಈಗ ಅಂಚೆಯ ಪಟ್ಟಿ ಹರಿಯದ ಹನ್ನೊಂದು ಸಂಚಿಕೆಗಳು ಕಪಾಟಿನ ಮೇಲಿವೆ. ಅತ್ತೆ ದೃಷ್ಟಿ ತೆಗೆದರು, ಹರಕೆಯೂ ಆಯಿತು. ನಮ್ಮವರು "ನಿನಗೇನು ಕಡಿಮೆಯಾಗಿದೆ?" ಎಂದು ಕೇಳುತ್ತಾರೆ. ಏನೂ ಕಡಿಮೆಯಾಗಿಲ್ಲ, ಅದೇ ನನಗೆ ನಾಚಿಕೆ. ಇದು ಕಾಯಿಲೆಯೋ, ನನ್ನ ಸೋಮಾರಿತನವೋ? ನಿದ್ರೆಗೆ ಮೆಡಿಕಲ್ ಶಾಪಿನವರು ಕೊಟ್ಟ ಸಣ್ಣ ಮಾತ್ರೆಯನ್ನು ಮೂರು ತಿಂಗಳಿನಿಂದ ತೆಗೆದುಕೊಳ್ಳುತ್ತಿದ್ದೇನೆ. ಮನೋವೈದ್ಯರ ಬಳಿ ಹೋದರೆ ಊರಿನಲ್ಲಿ ಸುದ್ದಿಯಾಗುತ್ತದೆ, ನಾಳೆ ಮಗಳ ಮದುವೆಯ ಮಾತು ಬಂದಾಗ ತೊಂದರೆಯಾಗುತ್ತದೆ ಎಂಬ ಭಯವಿದೆ. ಹೋಗದೆಯೇ ನಿಭಾಯಿಸುವ ದಾರಿಯನ್ನು ತಿಳಿಸಿ.
— ಒಬ್ಬ ಶಿಕ್ಷಕಿ, ಹಾಸನ ಜಿಲ್ಲೆ

(ಮರೆತಿದ್ದೆ: ರಾತ್ರಿ ಮಲಗಿದವಳು ಬೆಳಗ್ಗೆ ಏಳದೇ ಹೋದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ. ಏನೂ ಮಾಡಿಕೊಳ್ಳುವುದಿಲ್ಲ. ಸುಮ್ಮನೆ ಬರೆದೆ.)

ಉತ್ತರ: ನೀವು ಸಹಿ ಮಾಡಿದ ಮೇಲೆ, ಬೇರೆ ಬಣ್ಣದ ಶಾಯಿಯಲ್ಲಿ, ಕಂಸದೊಳಗೆ ಬರೆದ ಆ ಸಾಲಿನಿಂದಲೇ ಆರಂಭಿಸುತ್ತೇನೆ. ಅದು ಸುಮ್ಮನೆ ಬರೆದ ಸಾಲಲ್ಲ. ಸಾಯುವ ಯೋಜನೆ ಇಲ್ಲದಿದ್ದರೂ ಬದುಕು ಬೇಡವೆನಿಸುವ ಈ ಭಾವ ಖಿನ್ನತೆಯಲ್ಲಿ ಬಹಳ ಸಾಮಾನ್ಯ. ಹಾಗಿದ್ದರೂ ಅದನ್ನು ಒಬ್ಬರ ಬಳಿಯಾದರೂ ಈ ವಾರವೇ ಬಾಯಿಬಿಟ್ಟು ಹೇಳಬೇಕು. ಆ ಯೋಚನೆ ಹೆಚ್ಚು ಹೊತ್ತು ನಿಂತರೆ, ಇಲ್ಲವೇ "ಏನೂ ಮಾಡಿಕೊಳ್ಳುವುದಿಲ್ಲ" ಎಂಬ ನಿಮ್ಮ ಮಾತಿನ ಮೇಲೆ ನಿಮಗೇ ನಂಬಿಕೆ ಸಡಿಲವಾದರೆ, ಬೆಳಗಾಗುವವರೆಗೆ ಕಾಯದೆ ಯಜಮಾನರನ್ನು ಎಬ್ಬಿಸಿ, 14416 ಸಂಖ್ಯೆಗೆ ಕರೆ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ನೀವು ಸೂರು ನೋಡುತ್ತ ಮಲಗುವ ಮೂರೂವರೆಯ ಹೊತ್ತಿನಲ್ಲೂ ಅಲ್ಲಿ ಫೋನ್ ಎತ್ತುವವರಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪತ್ರ ಓದಿ ರೋಗನಿರ್ಣಯ ಮಾಡುವುದು ಸರಿಯಲ್ಲವಾದ್ದರಿಂದ ನಿಮಗೆ ಖಿನ್ನತೆ ಇದೆಯೆಂದು ನಾನು ಬರೆದುಕೊಡಲಾರೆ. ಆದರೆ ಇದೇ ಮಾತುಗಳನ್ನು ನನ್ನೆದುರು ಕುಳಿತು ಹೇಳಿದ್ದರೆ ಮೊದಲು ಅದನ್ನೇ ಅನುಮಾನಿಸುತ್ತಿದ್ದೆ. ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವೂ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು ಅಥವಾ ಇಷ್ಟವಾಗಿದ್ದ ಸಂಗತಿಗಳಲ್ಲಿ ರುಚಿ ಹೋಗುವುದು ಖಿನ್ನತೆಯ ಮುಖ್ಯ ಲಕ್ಷಣ. ಅದರ ಜೊತೆಗೆ ನಿದ್ರೆ, ಹಸಿವು, ಗಮನ, ಶಕ್ತಿ ಇವುಗಳಲ್ಲಿ ಏರುಪೇರಾಗುತ್ತದೆ. ತಾನು ಯಾವುದಕ್ಕೂ ಬಾರದವಳು ಎಂಬ ತಪ್ಪಿತಸ್ಥ ಭಾವ ಸೇರಿಕೊಳ್ಳುತ್ತದೆ. ಏಳುವ ಸಮಯಕ್ಕೆ ಎರಡು ಗಂಟೆ ಮುಂಚೆಯೇ ಎಚ್ಚರವಾಗುವುದು, ಬೆಳಗಿನಲ್ಲಿ ಭಾರ ಹೆಚ್ಚಾಗಿ ಸಂಜೆಗೆ ಇಳಿಯುವುದು, ಇವೆರಡನ್ನೂ ವೈದ್ಯರು ವಿಶೇಷವಾಗಿ ಗಮನಿಸುತ್ತಾರೆ. ಸೋಮಾರಿಗೆ ಮೂರೂವರೆಗೆ ಎಚ್ಚರವಾಗುವುದಿಲ್ಲ. ಸೋಮಾರಿ ಪುಸ್ತಕ ತಿದ್ದದೆ ಮಲಗುತ್ತಾನೆಯೇ ಹೊರತು ಒಂದೇ ಸಾಲನ್ನು ನಾಲ್ಕು ಸಲ ಓದಿ ಸಂಕಟಪಡುವುದಿಲ್ಲ.

ಹಾಗಾದರೆ ಎರಡು ವರ್ಷ ಇದು ಯಾರಿಗೂ ಏಕೆ ಕಾಣಲಿಲ್ಲ? ನನ್ನ ಉತ್ತರ ನಿಮಗೆ ಕಹಿಯೆನಿಸಬಹುದು: ನೀವು ಚೆನ್ನಾಗಿ ನಿಭಾಯಿಸಿದ್ದರಿಂದಲೇ ಕಾಣಲಿಲ್ಲ. ಎಂಟು ಗಂಟೆಗೆ ಡಬ್ಬಿ ಸಿದ್ಧವಾಗುತ್ತಿತ್ತು, ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಬೀಳುತ್ತಿತ್ತು, ಆದ್ದರಿಂದ ಮನೆಯವರಿಗೆ ಎಲ್ಲವೂ ಸರಿಯಿರುವಂತೆ ತೋರಿತು. ಆಸ್ಪತ್ರೆಗೆ ಹೋದಾಗಲೂ ನೀವು ಹೊಟ್ಟೆಯ ಮಾತು ಆಡಿದಿರಿ, ಬೆನ್ನಿನ ಮಾತು ಆಡಿದಿರಿ, ಮೂರೂವರೆಯ ಮಾತನ್ನು ಆಡಿರಲಿಕ್ಕಿಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಮ್ಮಲ್ಲಿ ಮನಸ್ಸಿನ ನೋವಿಗೆ ರಜೆ ಸಿಗುವುದಿಲ್ಲ, ಮೈಕೈ ನೋವಿಗೆ ಸಿಗುತ್ತದೆ. ಹೀಗಾಗಿ ದುಃಖ ಸುಸ್ತಿನ ವೇಷ ಹಾಕಿಕೊಂಡು ಆಸ್ಪತ್ರೆಗೆ ಬರುತ್ತದೆ. ಆ ನೋವು ಸುಳ್ಳೂ ಅಲ್ಲ. ಖಿನ್ನತೆಯಲ್ಲಿ ದೇಹ ನಿಜವಾಗಿಯೇ ನೋಯುತ್ತದೆ, ಹೊಟ್ಟೆ ನಿಜವಾಗಿಯೇ ಕೆಡುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣುವಂಥದ್ದು ಏನೂ ಇರುವುದಿಲ್ಲ, ಅಷ್ಟೇ.

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಅನುಭವಿಸಿರುತ್ತಾರೆ. ಅದು ಹೆಂಗಸರಲ್ಲಿ, ಅದರಲ್ಲೂ 40ರಿಂದ 49ರ ವಯಸ್ಸಿನಲ್ಲಿ ಹೆಚ್ಚು. ಚಿಕಿತ್ಸೆ ಬೇಕಾದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಅದು ದೊರೆತಿರಲಿಲ್ಲ. ನಿಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ, ನಿಮ್ಮೂರಿನ ಬಸ್ಸಿನಲ್ಲಿ ನಿಮ್ಮಂತೆಯೇ ನಿಭಾಯಿಸುತ್ತಿರುವವರು ಇದ್ದಾರೆ ಎಂದು ಇದರ ಅರ್ಥ.

ಮುಂದೇನು ಮಾಡಬೇಕು? ಮೊದಲು ರಕ್ತಪರೀಕ್ಷೆ. ಖಿನ್ನತೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲವಾದರೂ, ಖಿನ್ನತೆಯಂತೆಯೇ ಕಾಣುವ ಅಥವಾ ಅದನ್ನು ಹೆಚ್ಚಿಸುವ ಕೆಲವು ತೊಂದರೆಗಳನ್ನು ರಕ್ತಪರೀಕ್ಷೆಯಲ್ಲಿ ಹಿಡಿಯಬಹುದು. ನಿಮ್ಮ ಪಟ್ಟಿಯಲ್ಲಿ ಎಂಡೋಸ್ಕೋಪಿ ಇದೆ, ಆದರೆ ಥೈರಾಯ್ಡ್ ಇಲ್ಲ, ಹಿಮೋಗ್ಲೋಬಿನ್ ಇಲ್ಲ, ಬಿ12 ಇಲ್ಲ. ಈ ಮೂರನ್ನೂ ಮಾಡಿಸಿ. ಮುಟ್ಟಿನಲ್ಲಿ ಏರುಪೇರಾಗಿದ್ದರೆ ಅದನ್ನೂ ತಿಳಿಸಿ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಖಿನ್ನತೆಯ ಸಾಧ್ಯತೆ ಹೆಚ್ಚು.

ಎರಡನೆಯದು, ವೈದ್ಯರ ಎದುರು ಏನು ಹೇಳಬೇಕು ಎಂಬುದು. ಹೊರರೋಗಿ ವಿಭಾಗದ ಸಾಲಿನಲ್ಲಿ ನಿಮಗೆ ಸಿಗುವುದು ಮೂರು ನಾಲ್ಕು ನಿಮಿಷ. "ಏನಾಗ್ತಿದೆ?" ಎಂದು ಕೇಳಿದಾಗ ಬಾಯಿಗೆ ಬರುವುದು ಗ್ಯಾಸ್ ಎಂಬ ಮಾತೇ. ಅದಕ್ಕಾಗಿ ಒಂದು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿ: "ಎರಡು ವರ್ಷದಿಂದ ಯಾವುದರಲ್ಲೂ ಆಸಕ್ತಿ ಇಲ್ಲ. ದಿನವೂ ಮೂರೂವರೆಗೆ ಎಚ್ಚರವಾಗುತ್ತದೆ. ಓದಿದ್ದು ತಲೆಗೆ ಹತ್ತುವುದಿಲ್ಲ. ಬೆಳಗ್ಗೆ ಏಳದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ನಿದ್ರೆಗೆ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ." ಹೇಳಲು ಸಂಕೋಚವಾದರೆ ಚೀಟಿಯನ್ನೇ ಕೊಟ್ಟುಬಿಡಿ. ನನಗೆ ಹಾಗೆ ಎಷ್ಟೋ ಮಂದಿ ಕೊಟ್ಟಿದ್ದಾರೆ; ಒಬ್ಬರದು ಎಲ್ಐಸಿ ರಸೀದಿಯ ಹಿಂಬದಿಯಾಗಿತ್ತು.

ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಸಾಮಾನ್ಯ ಖಿನ್ನತೆಯನ್ನು ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಗುರುತಿಸಿ ಚಿಕಿತ್ಸೆ ಕೊಡಬಲ್ಲರು ಎಂಬುದನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಪ್ರಯೋಗ ಮಾಡಿ ತೋರಿಸಿತು; 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ಅಥವಾ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಿ. ಆಶಾ ಅವರಿಗೆ ತಿಳಿದರೆ ಊರಿಗೇ ತಿಳಿಯುತ್ತದೆ ಎಂಬ ಅಳುಕಿದ್ದರೆ 14416ರಲ್ಲಿಯೇ ಕೇಳಬಹುದು.

ಸುದ್ದಿಯಾಗುವ ಭಯದ ಬಗ್ಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ, ಪ್ರಾಣಾಪಾಯದಂಥ ಕೆಲವೇ ಸಂದರ್ಭಗಳು ಅದಕ್ಕೆ ಹೊರತು. ಅವರು ನಿಮ್ಮ ಇಲಾಖೆಗೂ ತಿಳಿಸುವಂತಿಲ್ಲ, ನೆಂಟರಿಗೂ ತಿಳಿಸುವಂತಿಲ್ಲ. ಕಾನೂನು ಊರಿನ ಬಾಯಿಗೆ ಬೀಗ ಹಾಕುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಮಗಳ ದೃಷ್ಟಿಯಿಂದ ಒಮ್ಮೆ ಯೋಚಿಸಿ ನೋಡಿ. ಹದಿನೇಳು ವರ್ಷದ ಹುಡುಗಿಗೆ ತಾಯಿ ಬೆಳಗಿನ ಜಾವ ಎದ್ದು ಕುಳಿತಿರುವುದು ಕಾಣದೇ ಇರುತ್ತದೆಯೇ? ಅವಳು ಸುಮ್ಮನಿರುವುದನ್ನೂ ನಿಮ್ಮಿಂದಲೇ ಕಲಿಯುತ್ತಿರಬಹುದು.

ವೈದ್ಯರನ್ನು ಕಾಣುವವರೆಗಿನ ದಿನಗಳಿಗೆ ಕೆಲವು ಮಾತು. ಆ ಸಣ್ಣ ಮಾತ್ರೆ ಬಹುಶಃ ಅಭ್ಯಾಸ ಹಿಡಿಸುವ ಜಾತಿಯದು. ಹೆಚ್ಚಿಸಬೇಡಿ, ಮೂರು ತಿಂಗಳ ಮೇಲೆ ಒಮ್ಮೆಲೇ ನಿಲ್ಲಿಸಲೂ ಬೇಡಿ, ಖಾಲಿ ಸ್ಟ್ರಿಪ್ಪನ್ನು ವೈದ್ಯರಿಗೆ ತೋರಿಸಿ. ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯುವುದು ಈ ಸ್ಥಿತಿಯಲ್ಲಿ ಫಲಿಸುವುದಿಲ್ಲ, ಏಕೆಂದರೆ ಇಲ್ಲಿ ಕೆಲಸ ಮುಂದೆ ಹೋಗುತ್ತದೆ, ಉತ್ಸಾಹ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಆದ್ದರಿಂದ ಕೆಲಸದ ಅಳತೆಯನ್ನು ಇಳಿಸಿ: ನಲವತ್ತು ಪುಸ್ತಕ ಬೇಡ, ಐದು ತಿದ್ದಿ ಕೆಂಪು ಪೆನ್ನನ್ನು ಮುಚ್ಚಿಡಿ. ಸಂಚಿಕೆಗಳನ್ನೆಲ್ಲ ಓದಬೇಕಿಲ್ಲ, ಒಂದರ ಪಟ್ಟಿ ಹರಿದು ಒಂದು ಪುಟ ನೋಡಿ. ಬಿಸಿಲೇರುವ ಮುನ್ನ ಇಪ್ಪತ್ತು ನಿಮಿಷ ನಡೆಯಿರಿ, ಸಾಧ್ಯವಾದರೆ ಜೊತೆಗೆ ಒಬ್ಬರಿರಲಿ. ಸ್ವಯಂ ನಿವೃತ್ತಿ, ವರ್ಗಾವಣೆಯಂಥ ದೊಡ್ಡ ನಿರ್ಧಾರಗಳನ್ನು ಈಗ ತೆಗೆದುಕೊಳ್ಳಬೇಡಿ. ಅತ್ತೆಯವರ ಹರಕೆಗೆ ಅಡ್ಡ ಬರುವ ಅಗತ್ಯವಿಲ್ಲ. ದೇವಸ್ಥಾನಕ್ಕೂ ಹೋಗಿ, ಆಸ್ಪತ್ರೆಗೂ ಹೋಗಿ. ಇವೆಲ್ಲ ಒಳ್ಳೆಯವೇ, ಆದರೆ ಎರಡು ವರ್ಷದ ತೊಂದರೆಗೆ ಇಷ್ಟೇ ಸಾಲುವುದಿಲ್ಲ. ವೈದ್ಯರ ಬಳಿ ಹೋಗದೆಯೇ ನಿಭಾಯಿಸುವ ದಾರಿಯನ್ನು ಕೇಳಿದ್ದೀರಿ. ನೀವು ಎರಡು ವರ್ಷದಿಂದ ನಡೆದದ್ದು ಆ ದಾರಿಯಲ್ಲಿಯೇ ಅಲ್ಲವೇ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ತಿಪಟೂರಿನ ಬಳಿ ನಮ್ಮ ತೆಂಗಿನ ತೋಟವಿದೆ. ತಾಯಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಕೊಬ್ಬರಿ ಮಾರುಕಟ್ಟೆಗೆ ಎಂದೂ ತಪ್ಪಿಸಿಕೊಳ್ಳದವರು ಈಗ ಜಗಲಿ ಬಿಟ್ಟು ಏಳುವುದಿಲ್ಲ. ಊಟ ಅರ್ಧಕ್ಕರ್ಧ ಕಡಿಮೆಯಾಗಿದೆ, ಅಂಗಿಯ ಕಾಲರ್ ಕತ್ತಿನ ಸುತ್ತ ಸಡಿಲವಾಗಿ ನಿಲ್ಲುತ್ತದೆ. ಸಂಜೆ ಕುಡಿತ ಶುರುವಾಗಿದೆ. ಹೇಳಿದ್ದನ್ನು ಮರೆಯುತ್ತಾರೆ, ಬ್ಯಾಂಕಿನಲ್ಲಿ ಸಹಿ ಮಾಡಲು ತಡವರಿಸಿದರು. ಮರೆವಿನ ಕಾಯಿಲೆ ಇರಬಹುದೇ? ಆಸ್ಪತ್ರೆಗೆ ಕರೆದರೆ "ನಂಗೇನ್ ಆಗೈತೆ? ನಾನು ಚೆನ್ನಾಗೇ ಇವ್ನಿ" ಎನ್ನುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತೇನೆ.
— ಒಬ್ಬ ಮಗ

ಉತ್ತರ: ಹೆಂಡತಿ ಹೋದ ದುಃಖಕ್ಕೆ ಕಾಲಮಿತಿ ಹಾಕುವವರು ನಾವಲ್ಲ. ಆದರೆ ದುಃಖ ಅಲೆಯಂತೆ ಬಂದು ಹೋಗುತ್ತದೆ. ನಡುವೆ ಮೊಮ್ಮಗುವನ್ನು ಕಂಡರೆ ನಗು ಬರುತ್ತದೆ, ತೀರಿಕೊಂಡವರ ನೆನಪಿನಲ್ಲೂ ಒಂದು ಸಿಹಿ ಇರುತ್ತದೆ. ಹದಿನಾಲ್ಕು ತಿಂಗಳಾದರೂ ಊಟ, ತೋಟ, ಮಾರುಕಟ್ಟೆ ಒಂದೂ ಬೇಡವಾಗಿ, ಮೈ ಇಳಿಯುತ್ತ ಹೋದರೆ ಅದನ್ನು ದುಃಖವೆಂದಷ್ಟೇ ಹೇಳಿ ಬಿಡಲಾಗದು. ಗಂಡಸರಲ್ಲಿ ಖಿನ್ನತೆ ಅಳುವಾಗಿ ಕಾಣುವುದಕ್ಕಿಂತ ಮೌನ, ಸಿಡುಕು, ಕುಡಿತವಾಗಿ ಕಾಣುವುದೇ ಹೆಚ್ಚು, ಮತ್ತು ಕುಡಿತ ಅದನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತದೆ. ಇನ್ನು ಮರೆವು: ವಯಸ್ಸಾದವರ ಖಿನ್ನತೆ ಕೆಲವೊಮ್ಮೆ ಮರೆವಿನ ಕಾಯಿಲೆಯಂತೆಯೇ ಕಾಣುತ್ತದೆ ಮತ್ತು ಚಿಕಿತ್ಸೆಯಿಂದ ಸುಧಾರಿಸುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಆದ್ದರಿಂದ "ವಯಸ್ಸಾಯ್ತು, ಇಷ್ಟೇ" ಎಂಬ ತೀರ್ಮಾನಕ್ಕೆ ಬರುವ ಮುಂಚೆ ಪರೀಕ್ಷೆ ಆಗಲೇಬೇಕು.

ಅವರನ್ನು ಸುಳ್ಳು ಹೇಳಿ ಕರೆದೊಯ್ಯಬೇಡಿ. ಒಮ್ಮೆ ಮೋಸವೆನಿಸಿದರೆ ಎರಡನೆಯ ಸಲ ಅವರು ಹೊರಡುವುದಿಲ್ಲ. ಮೈ ಇಳಿದಿರುವುದು ನಿಜ, ಅದನ್ನೇ ಹೇಳಿ: "ಅಪ್ಪಾ, ಅಂಗಿ ದೊಗಲೆಯಾಗೈತೆ. ಯಾಕೆ ಅಂತ ಒಂದ್ ಸಲ ತೋರ್ಸ್ಕೊಂಡ್ ಬರಾಣ. ನಂಗೆ ರಾತ್ರಿ ನಿದ್ದೆ ಬರ್ತಿಲ್ಲ." ನಿನ್ನ ಸಲುವಾಗಿ ಬಾ ಎಂದರೆ ಏಳದ ತಂದೆ ಮಗನ ಸಲುವಾಗಿ ಎದ್ದುಬರುವುದನ್ನು ಕಂಡಿದ್ದೇನೆ. ಎದುರು ಕೂರಿಸಿಕೊಂಡು ಕೇಳುವುದಕ್ಕಿಂತ ತೋಟದಲ್ಲಿ ಜೊತೆಗೆ ಕಾಯಿ ಆಯುವಾಗ ಮಾತು ಸಲೀಸಾಗಿ ಬರುತ್ತದೆ. ಅವರು ಯಾರ ಮಾತು ಕೇಳುತ್ತಾರೋ, ಷಡ್ಡಕನೋ, ಹಳೆಯ ಗೆಳೆಯನೋ, ಅವರನ್ನು ಸೇರಿಸಿಕೊಳ್ಳಿ. ತಂದೆ ಬರಲು ಒಪ್ಪದಿದ್ದರೆ ನೀವೊಬ್ಬರೇ ಮೊದಲು ವೈದ್ಯರನ್ನು ಕಂಡು ವಿಷಯ ತಿಳಿಸಬಹುದು.

ಒಂದು ಪ್ರಶ್ನೆಯನ್ನು ಮಾತ್ರ ನೇರವಾಗಿ ಕೇಳಲೇಬೇಕು: "ಸಾಯ್ಬೇಕು ಅಂತ ಅನ್ಸುತ್ತಾ ಅಪ್ಪಾ?" ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಕೇಳಿದವನೊಬ್ಬ ಇದ್ದಾನೆ ಎಂಬುದೇ ಅನೇಕರಿಗೆ ನಿರಾಳವಾಗಿ ಉಸಿರು ಬಿಟ್ಟಂತಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಇಲ್ಲವೆಂದರೂ, ಮುಂದಿನ ಸಲ ಊರಿಗೆ ಹೋದಾಗ ಅಲ್ಲ, ಇವತ್ತೇ ಪಕ್ಕದ ಮನೆಯವರಿಗೆ ಫೋನ್ ಮಾಡಿ, ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳನ್ನು ನಿಮ್ಮ ಮನೆಯಿಂದ ತೆಗೆಸಿ ಬೇರೆಡೆ ಬೀಗ ಹಾಕಿಸಿ. ಒಂದೇ ದಿನ ಕುಡಿತವನ್ನು ಪೂರ್ತಿ ಬಿಡಿಸಲು ಹೋಗಬೇಡಿ. ದಿನವೂ ಕುಡಿಯುವವರಿಗೆ ಅದರಿಂದಲೂ ಅಪಾಯವಿದೆ, ಅದನ್ನು ವೈದ್ಯರೇ ಹೇಳಬೇಕು.

ಪ್ರಶ್ನೆ: ನನಗೆ 23 ವರ್ಷ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಮೊಬೈಲಿನಲ್ಲಿ ಖಿನ್ನತೆಯ ಬಗೆಗಿನ ಒಂಬತ್ತು ಪ್ರಶ್ನೆಗಳ ಪರೀಕ್ಷೆ ಮಾಡಿಕೊಂಡಾಗ 16 ಅಂಕ ಬಂದಿತು. ಸಾವಿನ ಯೋಚನೆಯ ಬಗ್ಗೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ಮಾತ್ರ ಸೊನ್ನೆ. ಆಫೀಸಿನಲ್ಲಿ ಎಲ್ಲರನ್ನೂ ನಗಿಸುವವನು ನಾನೇ, ಆದ್ದರಿಂದ ಹೇಳಿದರೆ ಯಾರೂ ನಂಬುವುದಿಲ್ಲ. ರೂಮ್‌ಮೇಟ್‌ಗೆ ವೈದ್ಯರು ಬರೆದುಕೊಟ್ಟ ಖಿನ್ನತೆಯ ಮಾತ್ರೆಗಳು ಉಳಿದಿವೆ. ತೆಗೆದುಕೊಳ್ಳಬಹುದೇ?
— ಹೆಸರು ಬೇಡ

ಉತ್ತರ: ಬೇಡ. ನೀವು ಉತ್ತರಿಸಿದ್ದು ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿ ಇರಬೇಕು. ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ವಿವರವಾಗಿ ವಿಚಾರಿಸಬೇಕು ಎಂಬುದಷ್ಟೇ ಅದರ ಅರ್ಥ; 16 ಬಂದಿದೆಯೆಂದರೆ ತೋರಿಸಿಕೊಳ್ಳಲು ಸಾಕಷ್ಟು ಕಾರಣವಿದೆ, ತಾನೇ ಔಷಧಿ ಆರಂಭಿಸಲು ಇಲ್ಲ. ಹಿಂದೆ ಯಾವಾಗಲಾದರೂ ವಾರಗಟ್ಟಲೆ ನಿದ್ರೆಯೇ ಬೇಡವಾಗಿ, ಮಾತು ಹೆಚ್ಚಾಗಿ, ದುಡ್ಡು ನೀರಿನಂತೆ ಖರ್ಚಾಗಿ, ಜಗತ್ತೇ ನನ್ನದು ಎನ್ನುವಷ್ಟು ಉಬ್ಬಿದ ದಿನಗಳಿದ್ದವೇ ಎಂದು ವೈದ್ಯರು ಕೇಳುತ್ತಾರೆ. ಅಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಜಿಗಿಯಬಹುದು. ಜೊತೆಗೆ 25ರೊಳಗಿನವರಲ್ಲಿ ಮಾತ್ರೆ ಆರಂಭಿಸಿದ ಮೊದಲ ಕೆಲವು ವಾರ ಚಡಪಡಿಕೆ, ಸಾವಿನ ಯೋಚನೆ ಹೆಚ್ಚುತ್ತದೆಯೇ ಎಂಬುದನ್ನು ವೈದ್ಯರು ಗಮನಿಸುತ್ತಿರಬೇಕು. ನಿಮ್ಮ ಗೆಳೆಯನ ಮಾತ್ರೆ ಉಳಿದಿರುವುದು ಇನ್ನೊಂದು ಚಿಂತೆ: ಈ ಔಷಧಿಗಳು ಪರಿಣಾಮ ತೋರಲು ಎರಡರಿಂದ ಆರು ವಾರ ಬೇಕು, ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಆತ ಮಧ್ಯದಲ್ಲಿಯೇ ಬಿಟ್ಟಿದ್ದರೆ ಇಬ್ಬರೂ ಜೊತೆಗೇ ಹೋಗಿಬನ್ನಿ. ಎಲ್ಲರಿಗೂ ಮಾತ್ರೆಯೇ ಬೇಕೆಂದಿಲ್ಲ. ಮಾತಿನ ಚಿಕಿತ್ಸೆಯಿಂದಲೇ ಸುಧಾರಿಸುವವರೂ ಇದ್ದಾರೆ.

ನಗಿಸುವವನಿಗೆ ಖಿನ್ನತೆ ಬಾರದು ಎಂಬ ನಿಯಮವೇನೂ ಇಲ್ಲ. ವೈದ್ಯರ ಎದುರು ಮಾತ್ರ ಅಂದು ತಮಾಷೆ ಮಾಡಬೇಡಿ, ಅವರೂ ನಕ್ಕು ಕಳುಹಿಸಿಬಿಟ್ಟಾರು. ಆ 16ರ ಸ್ಕ್ರೀನ್‌ಶಾಟನ್ನು ಅಳಿಸದೆ ಇಟ್ಟುಕೊಂಡಿರಿ. ಚಿಕಿತ್ಸೆ ಆರಂಭವಾಗಿ ಆರು ವಾರದ ಮೇಲೆ ಅದೇ ಒಂಬತ್ತು ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿದಾಗ ಹೋಲಿಸಿ ನೋಡಲು ಬೇಕಾಗುತ್ತದೆ.